ಧಾರವಾಡದ ಮನೆ ಬೈಠಕ್ಕಿಗೆ ಮೊದಲ ಸಲ ಹೋಗುತ್ತಿದ್ದೀರಾ?

ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ "ನಿಮ್ಮೂರಲ್ಲಿ ಸಣ್ಣದೊಂದು ಜಾಝ್ ಕ್ಲಬ್ ಇದೆಯಾ?" ಅಂತ ಕೇಳಿದ. ಅದೆಲ್ಲ ಬೇಡ, ಬೈಠಕ್ಕಿಗೆ ಬಾ ಅಂದೆ, ಅಂದರೆ ಮನೆಯಲ್ಲೇ ನಡೆಯುವ ಹಿಂದೂಸ್ತಾನಿ ಸಂಗೀತಕ್ಕೆ. ಯಾರದೋ ಮನೆಯ ಪಡಸಾಲೆ, ಒಂದು ಜಮಖಾನೆ, ಮೂವತ್ತು ನಲವತ್ತು ಜನ, ಹಾಡುವವರು ಉಸಿರು ತಗೊಳ್ಳುವುದೂ ಕೇಳುವಷ್ಟು ಹತ್ತಿರ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಇದ್ದ ಊರು ಇದು. ಇಲ್ಲಿ ಪಕ್ಕದಲ್ಲಿ ಕೂತ ನಿವೃತ್ತ ಮಾಸ್ತರಿಗೂ ರಾಗ ಗೊತ್ತಿರುತ್ತದೆ. ಹೆದರಬೇಡಿ, ಅವರು ಪರೀಕ್ಷೆ ಮಾಡುವುದಿಲ್ಲ.

ಹೊಟ್ಟೆ ತುಂಬ ರೊಟ್ಟಿ ಊಟ ಮಾಡಿ ಹೋಗಬೇಡಿ, ವಿಲಂಬಿತ, ಅಂದರೆ ನಿಧಾನ ಲಯದ ಹಾಡು, ಶುರುವಾದ ಹತ್ತೇ ನಿಮಿಷಕ್ಕೆ ತೂಕಡಿಕೆ ಬರುತ್ತದೆ. ಒಂದು ಪ್ಲೇಟ್ ಗಿರಮಿಟ್, ಒಂದು ಮಿರ್ಚಿ ಸಾಕು. ಬಿಗಿ ಜೀನ್ಸ್ ಬೇಡ, ಎರಡು ತಾಸು ಚಕ್ಕಳಮಕ್ಕಳ ಹಾಕಿ ಕೂರಬೇಕು. ಹೊಸ ಚಪ್ಪಲಿಯಂತೂ ಬೇಡವೇ ಬೇಡ. ನನ್ನದು ಒಮ್ಮೆ ಬಾಗಿಲಲ್ಲಿ ಬಿಟ್ಟಿದ್ದು ಹೋಯಿತು, ಅದರ ಜಾಗದಲ್ಲಿ ಎರಡೂ ಎಡಗಾಲಿನವು ಉಳಿದಿದ್ದವು.

ಅರ್ಧ ತಾಸು ಮುಂಚೆ ಹೋಗಿ. ಜಾಗಕ್ಕಾಗಿ ಅಷ್ಟೇ ಅಲ್ಲ, ತಂಬೂರಿ ಶ್ರುತಿ ಮಾಡುವುದನ್ನು ನೋಡಲಿಕ್ಕೆ. ತಂತಿ ಮತ್ತು ಕುದುರೆಯ (ತಂತಿಗಳಿಗೆ ಆಸರೆಯಾಗಿ ಕೆಳಗಿರುವ ಸಣ್ಣ ಪಟ್ಟಿ) ನಡುವೆ ಒಂದು ಎಳೆ ದಾರ ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಾ ಕಿವಿಯಿಟ್ಟು ಕೇಳುತ್ತಾರೆ. ಮೊದಲು ಬರೀ ಟಣ್ ಅನ್ನುತ್ತಿದ್ದ ತಂತಿ ಒಂದು ಜಾಗಕ್ಕೆ ಬಂದ ಕೂಡಲೇ ದುಂಬಿಯ ಹಾಗೆ ಗುಂಯ್ ಅನ್ನತೊಡಗುತ್ತದೆ. ಇದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಜವಾರಿ ಕೋಳಿಗೂ ಇದಕ್ಕೂ ಸಂಬಂಧ ಇಲ್ಲ! ತಬಲಾದವರೂ ಅಷ್ಟೊತ್ತಿಗೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಅದೇ ಸ್ವರಕ್ಕೆ ಬಂದಿರುತ್ತಾರೆ.

ತಬಲಾ ಇರುವ ಕಡೆ, ಎರಡನೇ ಸಾಲಲ್ಲಿ ಕೂತುಕೊಳ್ಳಿ. ಹಾಡುವವರೂ ತಬಲಾದವರೂ ಒಬ್ಬರನ್ನೊಬ್ಬರು ನೋಡಿ ನಗುವುದು ಅಲ್ಲಿಂದ ಕಾಣುತ್ತದೆ. ಹಿಂದೆ ಗೋಡೆಗೆ ಒರಗಿದ್ದರೆ ಹಿರಿಯರು ಯಾರಾದರೂ "ಏ ತಮ್ಮಾ, ಮುಂದ ಬಂದು ಕುಂದ್ರು" ಅನ್ನುತ್ತಾರೆ, ಸುಮ್ನೆ ಹೋಗಿ ಕೂತುಬಿಡಿ.

ರಾಗ ಗೊತ್ತಾಗದಿದ್ದರೂ ಪರವಾಗಿಲ್ಲ, ಸಮ್ ಹಿಡಿಯಿರಿ, ಅಂದರೆ ತಾಳದ ಸುತ್ತು ಮತ್ತೆ ಶುರುವಾಗುವ ಮೊದಲ ಪೆಟ್ಟು. ವಿಲಂಬಿತ ಏಕತಾಲ ಅನ್ನುವ ತಾಳಕ್ಕೆ ಹನ್ನೆರಡು ಮಾತ್ರೆ (ಎಣಿಕೆ), ನಿಧಾನವಾಗಿ ಹಾಡಿದರೆ ಒಂದು ಆವರ್ತನಕ್ಕೆ (ಸುತ್ತಿಗೆ) ಮುಕ್ಕಾಲು ನಿಮಿಷವೂ ಹಿಡಿಯಬಹುದು. ಎಣಿಸಲು ಹೋಗಬೇಡಿ. ಚೀಜಿನ, ಅಂದರೆ ಹಾಡುತ್ತಿರುವ ಪದದ, ಅದೇ ಮೊದಲ ಮಾತು ಮತ್ತೆ ಮತ್ತೆ ಬರುತ್ತದಲ್ವಾ, ಅದು ಬಂದಾಗ ಮುಂದಿನ ಸಾಲಿನವರ ಕೈ ನೋಡಿ. ಎಲ್ಲರ ಕೈಯೂ ಒಟ್ಟಿಗೇ ತೊಡೆಯ ಮೇಲೆ ಬೀಳುತ್ತದೆ. ಅದೇ ಸಮ್. ಎರಡು ಸಲ ನೋಡಿದರೆ ಮೂರನೇ ಸಲ ನಿಮ್ಮ ಕೈಯೂ ಬೀಳುತ್ತದೆ, ಆಮೇಲೆ ನಿದ್ದೆಯ ಮಾತೇ ಇಲ್ಲ.

ಜಾಝ್‌ನಲ್ಲಿ ಒಬ್ಬರ ಸೋಲೋ ಮುಗಿದರೆ ಚಪ್ಪಾಳೆ ಹೊಡೆಯುತ್ತಾರೆ. ಇಲ್ಲಿ ನಡುವೆ ಚಪ್ಪಾಳೆ ಕಡಿಮೆ, ಒಂದು "ವಾಹ್" ಸಾಕು, ಅದೂ ತಾನಾಗಿ ಬಂದರೆ ಮಾತ್ರ. ಫೋನ್ ಬಂದ್ ಮಾಡಿ. ರೆಕಾರ್ಡ್ ಮಾಡುವುದಿದ್ದರೆ ಕೇಳಿ ಮಾಡಿ.

ನಡುವೆ ಚಹಾ ಬರುತ್ತದೆ. ಆಮೇಲೆ ಎದ್ದು ಹೋಗುವವರು ಬಹಳ, ನೀವು ಹೋಗಬೇಡಿ. ಬಾಗೇಶ್ರೀ, ಮಾಲಕಂಸ ರಾತ್ರಿ ಹೊತ್ತಾದ ಮೇಲೆ ಹಾಡುವ ರಾಗಗಳು, ಜನ ಕಡಿಮೆಯಾದಷ್ಟೂ ದನಿಯೂ ಬಿಚ್ಚಿಕೊಳ್ಳುತ್ತದೆ ಅಂತ ನನಗೆ ಯಾವಾಗಲೂ ಅನಿಸಿದೆ. ಕೊನೆಗೆ ಯಾರಾದರೂ ಒಂದು ವಚನವನ್ನೋ ದಾಸರ ಪದವನ್ನೋ ಕೇಳುತ್ತಾರೆ. ಭೈರವಿ ರಾಗ ಶುರುವಾದರೆ ಬೈಠಕ್ ಮುಗಿಯಿತು ಅಂತ ತಿಳಿಯಿರಿ.

ಇದು ರುಚಿಸಿದರೆ ಮುಂದೆ ಕುಂದಗೋಳದ ನಾಡಗೀರ ವಾಡೆಗೆ ಹೋಗಿ, ಅಲ್ಲಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಇಡೀ ರಾತ್ರಿ ಹಾಡುತ್ತಾರೆ. ಧಾರವಾಡದ ಬೈಠಕ್ಕಿಗೆ ಹುಬ್ಬಳ್ಳಿಯಿಂದ ಬಂದವರು ವಾಪಸ್ ಹೋಗುವ ಕೊನೆಯ ಚಿಗರಿ ಬಸ್ ಎಷ್ಟೊತ್ತಿಗೆ ಅಂತ ಮೊದಲೇ ಕೇಳಿಕೊಂಡಿರಿ, ಭೈರವಿಯ ನಡುವೆ ಗಡಿಯಾರ ನೋಡುವುದು ಚೆಂದ ಕಾಣುವುದಿಲ್ಲ.