ಇಎಸ್‌ಪಿ32 ವೈಫೈಗೆ ಸೇರುವಾಗಲೇ ರೀಸೆಟ್ ಆಗುತ್ತಿದ್ದರೆ

ಇಎಸ್‌ಪಿ32-ವ್ರೂಮ್-32 ಎಂಬ ವೈಫೈ ಇರುವ ಮೈಕ್ರೋಕಂಟ್ರೋಲರ್ ಮಾಡ್ಯೂಲ್, ವೈಫೈ ಆನ್ ಆದ ಕೂಡಲೇ ರೀಸೆಟ್ ಆಗಿ, ಸೀರಿಯಲ್ ಪರದೆಯಲ್ಲಿ 'ಬ್ರೌನ್‌ಔಟ್ ಡಿಟೆಕ್ಟರ್' (ವೋಲ್ಟೇಜ್ ಕುಸಿತವನ್ನು ಪತ್ತೆ ಮಾಡುವ ವ್ಯವಸ್ಥೆ) ಎಂಬ ಸಂದೇಶ ಬರುತ್ತಿದ್ದರೆ, ಕೋಡ್ ತಿದ್ದುವ ಮೊದಲು 3.3 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ನಡುವೆ 470 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕಿ ನೋಡಿ. ಪಟ್ಟಿ ಇರುವ ಕಾಲು ಗ್ರೌಂಡ್‌ಗೇ ಹೋಗಬೇಕು, ಕಾಲುಗಳು ಆದಷ್ಟು ಗಿಡ್ಡವಾಗಿರಬೇಕು. ಮಾಡ್ಯೂಲ್‌ಗೆ ಬೇಕಾದದ್ದು 3.0ರಿಂದ 3.6 ವೋಲ್ಟ್; ರೇಡಿಯೋ ಪ್ರಸಾರ ಮಾಡುವ ಗಳಿಗೆಯಲ್ಲಿ ಮಾತ್ರ ಅದು ಇನ್ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ. ಸಣ್ಣ ತಂತಿ, ಬ್ರೆಡ್‌ಬೋರ್ಡ್‌ನ ಸಡಿಲ ಸಂಪರ್ಕಗಳ ಮೂಲಕ ಅಷ್ಟು ಬೇಗ ಕರೆಂಟ್ ಬರುವುದಿಲ್ಲ, ವೋಲ್ಟೇಜ್ ಕುಸಿಯುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ ಕೆಪಾಸಿಟರ್ ಆ ಗಳಿಗೆಯ ಬೇಡಿಕೆಯನ್ನು ತುಂಬಿಕೊಡುತ್ತದೆ. ಆದರೆ ಮೂಲ ಪೂರೈಕೆಯೇ ಬಡವಾಗಿದ್ದರೆ ಇದರಿಂದ ಪ್ರಯೋಜನವಿಲ್ಲ: ತಯಾರಕರೇ ಕನಿಷ್ಠ 500 ಮಿಲಿಆಂಪಿಯರ್ ಕೇಳುತ್ತಾರೆ, ಯುಎಸ್‌ಬಿ-ಸೀರಿಯಲ್ ಪರಿವರ್ತಕವಾದ ಎಫ್‌ಟಿ232ಆರ್ ಚಿಪ್‌ನ 3.3 ವೋಲ್ಟ್ ಪಿನ್ ಕೊಡುವುದು ಬರೀ 50. ವೋಲ್ಟೇಜನ್ನು 3.3ಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ತನಗೇ ಸುಮಾರು ಒಂದು ವೋಲ್ಟ್ ಉಳಿಸಿಕೊಳ್ಳುವುದರಿಂದ, 3.7 ವೋಲ್ಟ್‌ನ ಲಿಥಿಯಂ ಸೆಲ್‌ಗೆ ಅದನ್ನು ಖಂಡಿತ ಜೋಡಿಸಬೇಡಿ. ಕೆಪಾಸಿಟರ್ ಹಾಕಿದ ಮೇಲೆ ಪವರ್ ಕೊಟ್ಟಾಗ ಮಾಡ್ಯೂಲ್ ಎದ್ದೇಳದೆ, ರೀಸೆಟ್ ಒತ್ತಿದಾಗ ಮಾತ್ರ ಎದ್ದರೆ, ವೋಲ್ಟೇಜ್ ನಿಧಾನವಾಗಿ ಏರುತ್ತಿದೆ ಎಂದರ್ಥ. ಆಗ, ಡೆವಲಪ್‌ಮೆಂಟ್ ಬೋರ್ಡ್ ಇಲ್ಲದೆ ಬರಿಯ ಮಾಡ್ಯೂಲ್ ಬಳಸುವವರು, ಚಿಪ್ಪನ್ನು ಆನ್ ಮಾಡುವ ಇಎನ್ ಪಿನ್‌ನಿಂದ 3.3 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್, ಗ್ರೌಂಡ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ; ವೋಲ್ಟೇಜ್ ಏರುವವರೆಗೆ ಚಿಪ್ ಕಾಯುತ್ತದೆ. ಬ್ರೌನ್‌ಔಟ್ ಪತ್ತೆಯನ್ನು ಕೋಡ್‌ನಲ್ಲೇ ಆಫ್ ಮಾಡುವ ಸಲಹೆಯೂ ಓಡಾಡುತ್ತಿದೆ. ದಯವಿಟ್ಟು ಅದನ್ನು ಅನುಸರಿಸಬೇಡಿ, ಕುಸಿದ ವೋಲ್ಟೇಜ್‌ನಲ್ಲಿ ಫ್ಲ್ಯಾಶ್ ಮೆಮೊರಿಗೆ ಬರೆದರೆ ಒಳಗಿರುವ ದತ್ತಾಂಶವೇ ಕೆಡಬಹುದು.