ಫೈಟ್ ಎಷ್ಟಿದೆ ಅಂತ ನಾನು ಕೇಳುವುದಿಲ್ಲ

"ಫೈಟ್ ಜಾಸ್ತಿ ಇದೆಯಾ?"

ಮಕ್ಕಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವ ಮುಂಚೆ ನಮ್ಮ ಕಡೆ ಎಲ್ಲರೂ ಕೇಳುವುದು ಇದನ್ನೇ. ಇದಕ್ಕೆ ಬರುವ ಉತ್ತರದಿಂದ ನನಗೆ ಉಪಯೋಗ ಆಗಿದ್ದು ಕಡಿಮೆ. ಸಾಹಸದ ಸಿನಿಮಾ ಅಂದಮೇಲೆ ಫೈಟ್ ಇದ್ದೇ ಇರುತ್ತದೆ. ಇಪ್ಪತ್ತು ಜನ ಗಾಳಿಯಲ್ಲಿ ಹಾರಿ ಬಿದ್ದರೂ ಪಾಪ್‌ಕಾರ್ನ್ ತಿನ್ನುತ್ತಾ ನಗುವ ಹುಡುಗ, ಒಂದು ನಾಯಿ ಕುಂಟಿದರೆ ಮುಖ ಮುಚ್ಚಿಕೊಳ್ಳುತ್ತಾನೆ. ಹಾಗಾಗಿ ಫೈಟ್ ಎಣಿಸುವ ಗೋಜಿಗೆ ನಾನು ಹೋಗುವುದಿಲ್ಲ.

ನನ್ನ ಮಗಳಿಗೆ ಈಗ 11, ಮಗನಿಗೆ 6. ರಜೆ ಬಂದರೆ ಚಿತ್ರದುರ್ಗದಿಂದ ಅಕ್ಕನ ಮಗನೂ ಬರುತ್ತಾನೆ, ಅವನಿಗೆ 8. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಎಸಿ ಇರುವ ಥಿಯೇಟರ್ ಎಲ್ಲರಿಗೂ ಇಷ್ಟ. ಕತ್ತಿ, ಕುದುರೆ, ಗುಹೆ, ನಿಧಿ, ರಾಕ್ಷಸ ಇದ್ದರೆ ಇನ್ನೂ ಇಷ್ಟ. ಯಾವುದಕ್ಕೆ ಹೂಂ, ಯಾವುದಕ್ಕೆ ಊಹೂಂ ಅನ್ನುವ ಕೆಲಸ ಹೇಗೋ ನನ್ನ ತಲೆಗೆ ಬಂದಿದೆ. ಮನೆಯಲ್ಲಿ ನನಗೆ ಸೆನ್ಸಾರ್ ಬೋರ್ಡ್ ಅಂತಲೇ ಹೆಸರು. ಅಮ್ಮನಿಗೆ ಇದೆಲ್ಲ ಅತಿ ಅನ್ನಿಸುತ್ತದೆ. "ಏನಾಗ್ತತಿ ಬಿಡಪ್ಪಾ, ನೀವೆಲ್ಲ ನೋಡ್ಕೊಂಡೇ ಬೆಳೆದ್ರಲ್ಲ" ಅಂತಾರೆ. ನಾವು ನೋಡಿದ್ದು ನಿಜ. ಆದರೆ ಅಣ್ಣ ಎರಡು ವರ್ಷ ಹಿತ್ತಿಲ ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ ಅನ್ನುವುದನ್ನು ಅವರು ಮರೆತಿದ್ದಾರೆ.

ಮೊದಲು ನೋಡುವುದು ಸರ್ಟಿಫಿಕೇಟನ್ನೇ. ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲಿ ಸಿನಿಮಾದ ಹೆಸರಿನ ಹತ್ತಿರವೇ ಇರುತ್ತದೆ. ಹಿಂದೆ ನಮ್ಮಲ್ಲಿ ಎಲ್ಲರೂ ನೋಡಬಹುದಾದ ಯು ಮತ್ತು ದೊಡ್ಡವರಿಗೆ ಮಾತ್ರ ಅನ್ನುವ ಎ, ಎರಡೇ ಇದ್ದವು. 1983ರಲ್ಲಿ ಯುಎ ಸೇರಿತು. 12 ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಮ್ಮ ವಿಚಾರ ಮಾಡಿ ತೋರಿಸಿ ಅಂತ ಅದರ ಅರ್ಥ. 6ರ ಹುಡುಗನಿಗೂ 11ರ ಹುಡುಗಿಗೂ ಒಂದೇ ಮಾತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಈ ಯುಎಯನ್ನು 7+, 13+, 16+ ಅಂತ ಮೂರು ಮಾಡಿದರು. ನನ್ನಂಥವರಿಗೆ ಇದರಿಂದ ಎಷ್ಟೋ ಅನುಕೂಲವಾಗಿದೆ. 16+ ಅಂತ ಕಂಡರೆ ಮುಂದೆ ಓದುವುದೇ ಇಲ್ಲ.

ಒಂದು ಮಾತು ಮಾತ್ರ ಗೊತ್ತಿರಬೇಕು. ಎ ಸಿನಿಮಾಕ್ಕೆ 18 ತುಂಬದವರನ್ನು ಥಿಯೇಟರಿನವರು ಬಿಡುವ ಹಾಗಿಲ್ಲ. ಯುಎ ಹಾಗಲ್ಲ. ಅಲ್ಲಿರುವ ವಯಸ್ಸು ಅಪ್ಪ ಅಮ್ಮನಿಗೆ ಕೊಟ್ಟ ಸೂಚನೆ ಅಷ್ಟೇ. ಗೇಟಿನಲ್ಲಿ ಟಿಕೆಟ್ ಹರಿಯುವವರು "ಈ ಹುಡುಗನಿಗೆ ಎಷ್ಟು ವಯಸ್ಸು" ಅಂತ ಕೇಳಬೇಕಾಗಿಲ್ಲ. ಕೇಳಿಕೊಳ್ಳಬೇಕಾದವರು ನಾವೇ.

ಈ ವಯಸ್ಸಿನ ಗೆರೆಗಳನ್ನು ಎಳೆಯುವವರೂ ಮನುಷ್ಯರೇ ಅಲ್ವಾ? 1984ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾದಲ್ಲಿ ನಮ್ಮ ಅಮರೀಶ್ ಪುರಿ ಒಬ್ಬನ ಎದೆಯೊಳಗೆ ಕೈ ಹಾಕಿ ಹೃದಯವನ್ನೇ ಕಿತ್ತು ತೆಗೆಯುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ಪಿಜಿ, ಅಂದರೆ ದೊಡ್ಡವರು ನೋಡಿಕೊಂಡು ಮಕ್ಕಳಿಗೆ ತೋರಿಸಬಹುದು ಅಂತ. ಅಪ್ಪ ಅಮ್ಮಂದಿರು ಗಲಾಟೆ ಮಾಡಿದರು. ನಿರ್ದೇಶಕ ಸ್ಪೀಲ್‌ಬರ್ಗ್ ಅವರೇ ನಡುವೆ ಇನ್ನೊಂದು ದರ್ಜೆ ಇರಲಿ ಅಂದರು. ಅದೇ ವರ್ಷ ಪಿಜಿ-13 ಬಂತು. ಅದನ್ನೂ ನಮ್ಮ ಯುಎ 13+ಅನ್ನೂ ಒಂದೇ ಅಂದುಕೊಳ್ಳಬೇಡಿ. ದೇಶಕ್ಕೊಂದು ಮಂಡಳಿ, ಮಂಡಳಿಗೊಂದು ಲೆಕ್ಕ. ಒಂದೇ ಸಿನಿಮಾಕ್ಕೆ ಇಲ್ಲೊಂದು ಅಲ್ಲೊಂದು ದರ್ಜೆ ಸಿಗುವುದುಂಟು.

ಸರ್ಟಿಫಿಕೇಟ್ ವಯಸ್ಸು ಹೇಳುತ್ತದೆ. ಯಾಕೆ ಅಂತ ಪೋಸ್ಟರ್ ನೋಡಿದರೆ ಗೊತ್ತಾಗುವುದಿಲ್ಲ. ಒಟಿಟಿಯಲ್ಲಿ ಈ ತೊಂದರೆ ಕಡಿಮೆ. 2021ರ ನಿಯಮದ ಪ್ರಕಾರ ವಯಸ್ಸಿನ ಜೊತೆ ಕಾರಣವನ್ನೂ ತೋರಿಸಬೇಕು. ಹಿಂಸೆಯೋ, ಬೈಗುಳವೋ, ಮತ್ತೊಂದೋ ಅಂತ ಸಿನಿಮಾ ಶುರುವಾಗುವಾಗ ಮೂಲೆಯಲ್ಲಿ ಬರುತ್ತದಲ್ಲ, ಅದು. ಥಿಯೇಟರಿಗೆ ಹೋಗುವುದಾದರೆ ನಾನೇ ಹುಡುಕುತ್ತೇನೆ. ಇಂಗ್ಲಿಷ್ ಸಿನಿಮಾ ಆದರೆ ಸುಲಭ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಬಿಬಿಎಫ್‌ಸಿ ತನ್ನ ವೆಬ್‌ಸೈಟಿನಲ್ಲಿ ಸಿನಿಮಾದಲ್ಲಿ ಏನೇನಿದೆ ಅಂತ ಚಿಕ್ಕದಾಗಿ ಬರೆದಿರುತ್ತದೆ. ಐಎಂಡಿಬಿಯಲ್ಲಿ ಪೇರೆಂಟ್ಸ್ ಗೈಡ್ ಅಂತ ಒಂದು ಭಾಗ ಇದೆ. ನೋಡಿದವರೇ ಒಂದೊಂದು ದೃಶ್ಯವನ್ನೂ ಬಿಡಿಸಿ ಬರೆದಿರುತ್ತಾರೆ. ಕೊನೆಯಲ್ಲಿ ಯಾರು ಸಾಯುತ್ತಾರೆ ಅನ್ನುವುದೂ ಅಲ್ಲೇ ಇರುತ್ತದೆ. ನನ್ನ ಮಜಾ ಹಾಳಾಗುತ್ತದೆ, ಪರವಾಗಿಲ್ಲ. ಟ್ರೈಲರನ್ನು ಮಾತ್ರ ನಂಬುವುದಿಲ್ಲ. ಮಕ್ಕಳಿಗಾಗಿ ಮಾಡಿದ ಟ್ರೈಲರಿನಲ್ಲಿ ತಮಾಷೆಯ ಪ್ರಾಣಿಯೇ ತುಂಬಿರುತ್ತದೆ, ಅದು ಸಾಯುವ ದೃಶ್ಯ ಇರುವುದಿಲ್ಲ.

ಕನ್ನಡ, ತೆಲುಗು ಸಿನಿಮಾಗಳಿಗೆ ಇಷ್ಟು ವಿವರ ಸಿಗುವುದಿಲ್ಲ. ಅದಕ್ಕೇ ಮೊದಲ ಎರಡು ದಿನ ನಾವು ಹೋಗುವುದಿಲ್ಲ. ನೋಡಿ ಬಂದವರನ್ನು ಕೇಳುತ್ತೇನೆ. ಕೇಳುವುದರಲ್ಲೂ ಒಂದು ರೀತಿ ಇದೆ. ಮೊಬೈಲ್ ಅಂಗಡಿಯ ಹುಡುಗರನ್ನು ಕೇಳಿದರೆ "ಸೂಪರ್ ಐತಿ ಅಣ್ಣ, ಆರಾಮ್ ಕರ್ಕಂಡು ಹೋಗ್ರಿ" ಅಂತಾರೆ. ಅವರಿಗೆ ಎಲ್ಲವೂ ಸೂಪರ್. ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರೇ ಬೇಕು. ಅವರಿಗೂ "ಮಕ್ಕಳು ನೋಡಬಹುದಾ" ಅಂತ ಕೇಳಬಾರದು. ಹಾಗೆ ಕೇಳಿದರೆ, ತಾವು ಕರೆದುಕೊಂಡು ಹೋಗಿದ್ದು ತಪ್ಪಾ ಅಂತ ಅವರಿಗೆ ಅನ್ನಿಸಿ, ಏನೂ ಇಲ್ಲ ಅಂದುಬಿಡುತ್ತಾರೆ. ನಾನು ಕೇಳುವುದು ಹೀಗೆ: ನಿಮ್ಮ ಮಗ ಯಾವಾಗ ಕಣ್ಣು ಮುಚ್ಚಿಕೊಂಡ? ಯಾವಾಗ ನಿಮ್ಮ ಮಡಿಲಿಗೆ ಬಂದ? ರಾತ್ರಿ ಏನು ಕೇಳಿದ? ಪಕ್ಕದ ಮನೆಯ ಆಂಟಿ ಒಮ್ಮೆ ಸ್ವಲ್ಪ ಹೊತ್ತು ಯೋಚಿಸಿ, "ಫೈಟಿಗೆ ಏನೂ ಆಗ್ಲಿಲ್ಲ. ಆ ತಾಯಿ ಮಗನ್ನ ಬಿಟ್ಟು ಹೋಗ್ತಾಳಲ್ಲ, ಆವಾಗಿಂದ ನನ್ನ ಸೆರಗು ಬಿಡ್ಲಿಲ್ಲ ನೋಡಪ್ಪ" ಅಂದರು. ಎಷ್ಟು ವಿಮರ್ಶೆ ಓದಿದರೂ ನನಗೆ ಈ ಮಾಹಿತಿ ಸಿಗುತ್ತಿರಲಿಲ್ಲ.

ಅಕ್ಕನ ಮಗನನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತಿದಾಗ ಈ ವಿಷಯ ಚೆನ್ನಾಗಿ ಕಂಡಿತು. ಓಬವ್ವನ ಕಿಂಡಿಯ ಹತ್ತಿರ ಬಂದಾಗ ಅಕ್ಕ ಕಥೆ ಹೇಳಿದಳು. ಗಂಡ ಊಟಕ್ಕೆ ಕೂತಿದ್ದು, ಅವಳು ನೀರಿಗೆ ಬಂದಿದ್ದು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದಿದ್ದು, ಒನಕೆಯ ಏಟು. ಲೆಕ್ಕ ಹಾಕಿದರೆ ಯಾವ ಎ ಸಿನಿಮಾಕ್ಕೂ ಕಡಿಮೆ ಇಲ್ಲ. ನಮ್ಮ ಜಿಲ್ಲೆಗಳ ಮಕ್ಕಳು ಮಾತು ಕಲಿಯುತ್ತಲೇ ಈ ಕಥೆ ಕೇಳುತ್ತಾರೆ. ಹುಡುಗ ಕಿಂಡಿಯಲ್ಲಿ ತಲೆ ಹಾಕಿ ನೋಡಿದ, ಭುಜ ಹಿಡಿಸುತ್ತಾ ಅಂತ ಪರೀಕ್ಷೆ ಮಾಡಿದ. ಆಮೇಲೆ, "ಮಾಮ, ಸತ್ತೋರನ್ನ ಪಕ್ಕಕ್ಕೆ ಎಳೀದೇ ಇದ್ರೆ ಹಿಂದಿನೋರಿಗೆ ಗೊತ್ತಾಗಿಬಿಡ್ತಿತ್ತು ಅಲ್ವಾ?" ಅಂದ. ಭಯ ಇಲ್ಲ, ಪೂರಾ ಲೆಕ್ಕಾಚಾರ. ಇದೇ ಹುಡುಗ ಮನೆಯಲ್ಲಿ ಯು ಸರ್ಟಿಫಿಕೇಟಿನ ಸಿನಿಮಾ ನೋಡುವಾಗ, ಕುದುರೆಯೊಂದು ಹೊಳೆಯಲ್ಲಿ ಕೊಚ್ಚಿಹೋಗಿದ್ದಕ್ಕೆ ಎದ್ದು ಅಡುಗೆಮನೆಗೆ ಹೋದವನು ವಾಪಸ್ ಬರಲಿಲ್ಲ.

ನನಗೆ ಹೊಳೆದದ್ದು ಇಷ್ಟು. ಕಥೆ ಕೇಳುವಾಗ ಮಗು ತನಗೆ ತಡೆದುಕೊಳ್ಳಲು ಆಗುವಷ್ಟನ್ನೇ ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳುತ್ತದೆ. ಪರದೆಯ ಮೇಲೆ ಚಿತ್ರ ಬರೆಯುವವರು ಬೇರೆಯವರು, ಅಳತೆಯೂ ಅವರದ್ದೇ. ಅದಕ್ಕೇ ನಾನು ನೋಡುವುದು ಎಷ್ಟು ಜನ ಸತ್ತರು ಅಂತಲ್ಲ. ಪೆಟ್ಟು ಬಿದ್ದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ? ನೋವಿನಿಂದ ಕೂಗುವವನ ಮುಖವನ್ನು ತೋರಿಸುತ್ತಾರಾ? ಅಪಾಯದಲ್ಲಿ ಇರುವುದು ಯಾರು? ಮಗುವನ್ನು ಎತ್ತಿಕೊಂಡು ಹೋಗುವುದು, ಅಪ್ಪನನ್ನು ಕಣ್ಣೆದುರೇ ಕೊಲ್ಲುವುದು, ಇವು ರಕ್ತದ ಹನಿ ಕಾಣದಿದ್ದರೂ ಜೋರಾಗಿ ತಟ್ಟುತ್ತವೆ. ಮಕ್ಕಳನ್ನು ಹಿಂಸೆಗೆ ಗುರಿಯಾದವರಾಗಿಯೋ, ಹಿಂಸೆ ಮಾಡುವವರಾಗಿಯೋ, ಬಲವಂತದ ಸಾಕ್ಷಿಗಳಾಗಿಯೋ ತೋರಿಸುವುದರ ಬಗ್ಗೆ ನಮ್ಮ ಸೆನ್ಸಾರಿನ 1991ರ ಮಾರ್ಗಸೂಚಿಯಲ್ಲೇ ಎಚ್ಚರಿಕೆ ಇದೆ. ಸುಮ್ನೆ ಬರೆದದ್ದಲ್ಲ ಅದು.

ಇನ್ನು ವಯಸ್ಸು. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಮಕ್ಕಳ ಭಯದ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಹಲ್ಕ್ ಧಾರಾವಾಹಿ ನೋಡುವಾಗ ಪುಟ್ಟ ಮಕ್ಕಳು ಜಾಸ್ತಿ ಹೆದರುತ್ತಿದ್ದುದು ಒಳ್ಳೆಯ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುವಾಗ ಅಂತ ಅವರಿಗೆ ಕಂಡಿತು. ಅವನು ಕಾಪಾಡಲು ಬಂದವನು ಅಂತ ಹೇಳಿದರೂ ಆ ವಯಸ್ಸಿಗೆ ಕಣ್ಣಿಗೆ ಕಂಡದ್ದೇ ನಿಜ. ದೊಡ್ಡ ಮಕ್ಕಳು ಹೆದರುವುದು ನಿಜವಾಗಿ ಆಗಬಹುದಾದ ಸಂಗತಿಗಳಿಗೆ. ನಮ್ಮ ಮನೆಯಲ್ಲೂ ಹಾಗೇ ಇದೆ. ಮಗನಿಗೆ ಮುಖವಾಡ, ಬಾಯಿ ತೆರೆಯುವ ಜಂತು ಆಗುವುದಿಲ್ಲ. ಮಗಳಿಗೆ ರಾಕ್ಷಸ ಅಂದರೆ ತಮಾಷೆ. ಆದರೆ ಅಪಹರಣ ಇದ್ದರೆ ಮರುದಿನ ಟ್ಯೂಷನ್‌ಗೆ ಅವಳು ಒಬ್ಬಳೇ ಹೋಗುವುದಿಲ್ಲ. ಅದಕ್ಕೇ "ಅಕ್ಕ ನೋಡಬಹುದು ಅಂದ್ರೆ ತಮ್ಮ ಯಾಕೆ ನೋಡಬಾರದು" ಅನ್ನುವ ಜಗಳಕ್ಕೆ ನನ್ನ ಹತ್ತಿರ ಉತ್ತರ ಇದೆ: ಕೆಲವು ಸಿನಿಮಾಗಳನ್ನು ತಮ್ಮ ನೋಡಬಹುದು, ಅಕ್ಕ ನೋಡಬಾರದು. ಹಾಗೂ ಆಗಿದೆ.

ಭಯಕ್ಕಿಂತ ನನಗೆ ಜಾಸ್ತಿ ತಲೆಬಿಸಿ ಮಾಡುವುದು ನಕಲು. ಡ್ರ್ಯಾಗನ್ ಮೇಲೆ ಕೂತು ಹಾರುವುದನ್ನು ಯಾವ ಹುಡುಗನೂ ನಕಲು ಮಾಡಲಾರ. ಮಹಡಿಯಿಂದ ಹಗ್ಗ ಹಿಡಿದು ಜಿಗಿಯುವುದನ್ನು, ಕಾಂಪೌಂಡಿನಿಂದ ಕಾಂಪೌಂಡಿಗೆ ಹಾರುವುದನ್ನು ಮಾಡಬಲ್ಲ. ಹಗ್ಗ ಬಾವಿಯ ಹತ್ತಿರ, ಕಾಂಪೌಂಡು ಎದುರಿಗೇ. ಅದರಲ್ಲೂ ಹೀರೋ ಬಿದ್ದರೂ ಬಟ್ಟೆ ಕೊಡವಿಕೊಂಡು ನಗುತ್ತಾ ಎದ್ದರೆ ಮುಗಿಯಿತು. ಇಂಥ ಸಿನಿಮಾಕ್ಕೆ ನಾನು ಬೇಡ ಅನ್ನುವುದಿಲ್ಲ, ಆದರೆ ಅದೇ ಸಂಜೆ ಯೂಟ್ಯೂಬಿನಲ್ಲಿ ಸಾಹಸ ದೃಶ್ಯಗಳ ಚಿತ್ರೀಕರಣದ ವಿಡಿಯೊ ಹಾಕುತ್ತೇನೆ. ಸೊಂಟಕ್ಕೆ ಕಟ್ಟಿದ ತಂತಿ, ಕೆಳಗೆ ಹಾಸಿದ ದಪ್ಪ ಮ್ಯಾಟು, ಹೀರೋ ಬಟ್ಟೆಯನ್ನೇ ಹಾಕಿಕೊಂಡ ಡೂಪ್. ಮಕ್ಕಳು ಸಿನಿಮಾಕ್ಕಿಂತ ಹೆಚ್ಚು ಗಮನವಿಟ್ಟು ಇದನ್ನು ನೋಡುತ್ತಾರೆ. ಅಕ್ಕನ ಮಗ ಈಗ ದೊಡ್ಡ ಪರದೆಯಲ್ಲೂ ತಂತಿ ಹುಡುಕುತ್ತಾನೆ.

ಥಿಯೇಟರಿನಲ್ಲಿ ನನ್ನ ನಿಯಮಗಳು ಜಾಸ್ತಿ ಇಲ್ಲ. ಮ್ಯಾಟಿನಿಗೇ ಹೋಗುವುದು. ಸೆಕೆಂಡ್ ಶೋ ಮುಗಿಸಿ ನೇರ ಹಾಸಿಗೆಗೆ ಹೋದರೆ ನೋಡಿದ್ದೆಲ್ಲ ಕನಸಿನಲ್ಲಿ ಮತ್ತೆ ಓಡುತ್ತದೆ. ಸೀಟು ದಾರಿಯ ಪಕ್ಕ, ಹಿಂದಿನ ಸಾಲು. ಪುಟ್ಟ ಮಕ್ಕಳಿಗೆ ಚಿತ್ರಕ್ಕಿಂತ ಸದ್ದು ದೊಡ್ಡ ಸಮಸ್ಯೆ, ಸ್ಪೀಕರಿನ ಪಕ್ಕ ಅಂತೂ ಕೂರಿಸಲೇಬಾರದು. ಮಗ ಕಿವಿ ಮುಚ್ಚಿಕೊಂಡರೆ ಹೆದರಿದ್ದಾನೆ ಅಂತಲೇ ಅಲ್ಲ, ಕಿವಿ ನೋಯುತ್ತಿರಬಹುದು. ಇಂಟರ್‌ವಲ್ ಇದೆಯಲ್ಲ, ಅದು ನಮ್ಮ ದೇಶದ ಅಪ್ಪ ಅಮ್ಮಂದಿರಿಗೆ ಸಿಕ್ಕ ವರ. ಹೊರಗೆ ಬಂದಾಗ ಮಕ್ಕಳ ಮುಖ ನೋಡಿದರೆ ಗೊತ್ತಾಗುತ್ತದೆ. ಮಾತಾಡುತ್ತಿದ್ದರೆ ಎರಡನೇ ಭಾಗಕ್ಕೆ ಹೋಗಬಹುದು. ಸುಮ್ಮನಾಗಿದ್ದರೆ "ಮನೆಗೆ ಹೋಗೋಣ್ವಾ" ಅಂತ ನಾನೇ ಮೊದಲು ಕೇಳುತ್ತೇನೆ. ಹೂಂ ಅನ್ನಲು ಅವರಿಗೆ ನಾಚಿಕೆ ಆಗಬಾರದು. ಟಿಕೆಟಿನ ದುಡ್ಡು ಹೋಯಿತು ಅಂತ ಮುಖ ಗಂಟಿಕ್ಕಿದರೆ ಮುಂದಿನ ಸಲ ಹೆದರಿಕೆಯನ್ನು ಮುಚ್ಚಿಡುತ್ತಾರೆ.

ಸಿನಿಮಾ ಮುಗಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ನಮ್ಮೂರಿನಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಖಾರಕ್ಕೆ ಬಾಯಿ ಬಿಡುತ್ತಾ ಮಕ್ಕಳು ತಾವಾಗೇ ಮಾತಾಡುತ್ತಾರೆ. ಯಾರು ಇಷ್ಟ ಆದರು, ಯಾಕೆ ಹೊಡೆದ, ಹೊಡೆಯದೇ ಆಗುತ್ತಿರಲಿಲ್ಲವಾ. ನಾನು ಪಾಠ ಮಾಡಲು ಹೋಗುವುದಿಲ್ಲ. ಕೇಳಿಸಿಕೊಳ್ಳುತ್ತೇನೆ. ಮುಂದಿನ ಸಿನಿಮಾಕ್ಕೆ ಬೇಕಾದ ಮಾಹಿತಿ ಅಲ್ಲೇ ಸಿಗುತ್ತದೆ.

ಬೇಡ ಅಂತ ತೀರ್ಮಾನ ಆದ ಸಿನಿಮಾಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡುತ್ತೇನೆ, ಪಕ್ಕದಲ್ಲಿ ಯಾವ ವಯಸ್ಸಿಗೆ ಅಂತ. ಬರೀ ಬೇಡ ಅನ್ನುವುದಕ್ಕಿಂತ "ನಿನಗೆ 8 ಆದಾಗ" ಅನ್ನುವುದು ಎಷ್ಟೋ ವಾಸಿ, ಅಳು ಬೇಗ ನಿಲ್ಲುತ್ತದೆ. ಆದರೆ ಹೇಳಿದಂತೆ ತೋರಿಸಲೇಬೇಕು, ಇಲ್ಲದಿದ್ದರೆ ಚೀಟಿಗೆ ಬೆಲೆ ಇರುವುದಿಲ್ಲ. ಒಟಿಟಿಯಲ್ಲಿ 13+ ಮತ್ತು ಮೇಲಿನದಕ್ಕೆ ಪಿನ್ ಹಾಕುವ ವ್ಯವಸ್ಥೆ ಇದೆ, ಅದನ್ನೂ ಹಾಕಿದ್ದೇನೆ. ಮೊದಲು ಮಗಳು ಹುಟ್ಟಿದ ವರ್ಷವನ್ನೇ ಪಿನ್ ಮಾಡಿದ್ದೆ. ಅದು ಅವಳಿಗೆ ಹೊಳೆಯಲು ಒಂದು ಮಧ್ಯಾಹ್ನ ಸಾಕಾಯಿತು. ಈಗಿನ ಪಿನ್ ಅಮ್ಮನಿಗೂ ಹೇಳಿಲ್ಲ.