ಬಾಣಂತಿ ಕೋಣೆಯ ತೇವ

ಹಾವೇರಿ ಜಿಲ್ಲೆಯಲ್ಲಿ ನಮ್ಮ ಹಾನಗಲ್ ಕಡೆ ಅರೆಮಲೆನಾಡು. ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹೊದ್ದ ಕೌದಿಯೂ ಆರುವುದಿಲ್ಲ. ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯಾದ ನಾನು 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಕೂಸನ್ನು ಎತ್ತಿಕೊಳ್ಳುವ ಮೊದಲು ಗೋಡೆಗೆ ಅಂಗೈ ಇಟ್ಟು ನೋಡುವುದು ನನಗೆ ರೂಢಿಯಾಗಿದೆ.

ಆ ರೂಢಿ ಬಂದದ್ದು ಒಂದು ಮನೆಯಿಂದ. 2019ರ ಆಗಸ್ಟ್ ಮಳೆಗೆ ಅವರ ಹಿತ್ತಲ ಕಡೆಯ ಮಣ್ಣಿನ ಗೋಡೆ ಕುಸಿದಿತ್ತು. ಅರ್ಧ ಗೋಡೆ ಎಬ್ಬಿಸಿ, ಹೊರಗೆ ಸಿಮೆಂಟಿನ ಗಿಲಾವು ಮಾಡಿ, ಮೇಲೆ ತಗಡು ಹೊದಿಸಿದ್ದರು. ಬುಡದಿಂದ ಏರಿದ ನೀರಿಗೆ ಆರುವ ದಾರಿಯೇ ಇರಲಿಲ್ಲ. ಮೊಣಕಾಲೆತ್ತರದವರೆಗೆ ಗೋಡೆ ಕಪ್ಪಿಟ್ಟಿತ್ತು. ಬಾಣಂತಿಯನ್ನು ಮಲಗಿಸಿದ್ದು ಅಲ್ಲಿಯೇ. ಕಾಯಿಸಿದ ನೀರಿನ ಹಬೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಕೌದಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಏಳನೇ ದಿನದ ಕೂಸು, ತೂಕ 2.1 ಕಿಲೋ. ಪಾದ ತಣ್ಣಗೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ 96.4 ತೋರಿಸಿತು, 97.7ಕ್ಕಿಂತ ಕೆಳಗಿಳಿಯಬಾರದು.

ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ. ಥಂಡಿ ಬಾರದಿರಲೆಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು. ಎರಡು ದಿನದಿಂದ ತಲೆನೋವು ಎಂದಳು ಬಾಣಂತಿ. ನನ್ನ ಎದೆ ಧಸಕ್ಕೆಂದಿತು. ಇದ್ದಿಲು ಉಗುಳುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದೆ.

ಅತ್ತೆ ಸಿಟ್ಟಾದರು. “ನನ್ನ ಆರು ಬಾಣಂತನ ಇದೇ ಬೆಂಕಿಯಲ್ಲಿ ಆಗಿವೆ, ತಂಗಿ.”

“ಕೂಸಿಗೆ ಕಾವು ಬೇಕೇ ಬೇಕು, ಅವ್ವಾ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ.”

ಅವರ ಕಾಳಜಿಯಲ್ಲಿ ತಪ್ಪಿರಲಿಲ್ಲ. ನಡುಮನೆ ಹಂಚಿನದು, ದಪ್ಪ ಮಣ್ಣಿನ ಗೋಡೆ, ಒಣಗಿತ್ತು. ಮಂಚವನ್ನು ಅಲ್ಲಿಗೆ ಸಾಗಿಸಿ ಗೋಡೆಯಿಂದ ಒಂದು ಮೊಳ ಈಚೆಗೆ ಹಾಕಿಸಿದೆ. ಮರೆಗೆ ಹಳೆಯ ಇಳಕಲ್ ಸೀರೆ ಕಟ್ಟಿದರು. ಕೂಸಿಗೆ ಕುಲಾವಿ ಹಾಕಿ, ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ, ಮೇಲೆ ಒಣ ಕೌದಿ ಹೊದಿಸಿದೆ. ಗಂಟೆಯೊಳಗೆ 97.9. ಸೊಸೆ ಉಣ್ಣಲು ಎದ್ದಾಗ ಅತ್ತೆಯೇ ಕುಪ್ಪಸದ ಗುಂಡಿ ಬಿಚ್ಚಿ ಮೊಮ್ಮಗುವನ್ನು ಎದೆಗೆ ಹಾಕಿಕೊಂಡು ಕುಳಿತರು. ಅರ್ಧ ತಾಸು ಅಲುಗಾಡಲಿಲ್ಲ. ಮಾತೂ ಆಡಲಿಲ್ಲ.

ಸೂರಿನ ನೀರು ಗೋಡೆಬುಡಕ್ಕೆ ಬೀಳದಂತೆ ಮಗ ಸಂಜೆಯೇ ಸಣ್ಣ ಕಾಲುವೆ ತೋಡಿದ.

ಹದಿನಾಲ್ಕನೇ ದಿನ ಹೋದಾಗ ತಲೆನೋವು ನಿಂತಿತ್ತು, ಕೂಸು 2.3 ಕಿಲೋ ತೂಗಿತು. ತಗಡಿನ ಕೋಣೆಯಲ್ಲಿ ಕಟ್ಟಿಗೆ ಒಟ್ಟಿದ್ದರು.